ಪಕ್ಕದ ರಾಜ್ಯದ ಡೀಲರ್‌ನಿಂದ ಹೊಸ ಕಾರು: ಹಣ ಕಟ್ಟುವ ಮೊದಲು ಕಾಗದ ನೋಡಿ

ನಿಪ್ಪಾಣಿಯಲ್ಲಿರುವ ನಮಗೆ ಬೆಳಗಾವಿಗಿಂತ ಕೊಲ್ಲಾಪುರವೇ ಹತ್ತಿರ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕೊಗನೋಳಿ ಟೋಲ್ ದಾಟಿ, ಕಾಗಲ್ ಹಾದು ಹೋದರೆ ಸುಮಾರು 40 ಕಿಲೋಮೀಟರ್. ಬೆಳಗಾವಿ ಅದರ ಎರಡರಷ್ಟು ದೂರ. ಮದುವೆಯ ಜವಳಿ, ದೊಡ್ಡ ಆಸ್ಪತ್ರೆ, ಬಂಗಾರ, ಎಲ್ಲಕ್ಕೂ ಈ ಭಾಗದವರು ಅತ್ತ ಕಡೆಯೇ ಹೋಗುತ್ತಾರೆ. ಹೀಗಿರುವಾಗ ಕಾರಿಗೂ ಅಲ್ಲಿಗೇ ಹೋಗೋಣ ಅನ್ನಿಸುವುದು ಸಹಜ. ಅತ್ತಿಬೆಲೆಯವರಿಗೆ ಹೊಸೂರು, ತಲಪಾಡಿಯ ಕಡೆಯವರಿಗೆ ಕಾಸರಗೋಡು, ಕಾರವಾರದವರಿಗೆ ಗೋವಾ, ಇಂಡಿಯವರಿಗೆ ಸೊಲ್ಲಾಪುರ ಹೀಗೆಯೇ ಕಾಣುತ್ತವೆ.

ನಾನು ನಿವೃತ್ತಳಾಗುವವರೆಗೂ ಬ್ಯಾಂಕಿನಲ್ಲಿ ವಾಹನ ಸಾಲದ ಕಡತಗಳನ್ನು ನೋಡಿಕೊಳ್ಳುತ್ತಿದ್ದೆ. ಹೊರರಾಜ್ಯದಲ್ಲಿ ಕಾರು ಕೊಂಡು ಸುಖವಾಗಿದ್ದವರನ್ನೂ ನೋಡಿದ್ದೇನೆ, ತಿಂಗಳುಗಟ್ಟಲೆ ಆರ್‌ಸಿ ಬಾರದೆ ಒದ್ದಾಡಿದವರನ್ನೂ ನೋಡಿದ್ದೇನೆ. ಇತ್ತೀಚೆಗೆ ನನ್ನ ಮಗಳ ಕಾರನ್ನು ಕೊಲ್ಲಾಪುರದಲ್ಲಿ ಕೊಂಡು ಚಿಕ್ಕೋಡಿಯಲ್ಲಿ ಕೆಎ 23 ನೋಂದಣಿ ಮಾಡಿಸಿದೆವು. ಯಾವ ತೊಂದರೆಯೂ ಆಗಲಿಲ್ಲ. ಪ್ರತಿ ಕಾಗದವನ್ನೂ ಹಣಕ್ಕಿಂತ ಮೊದಲು ಕೇಳಿ ಪಡೆದದ್ದೇ ಅದಕ್ಕೆ ಕಾರಣ ಎಂಬುದು ನನ್ನ ದೃಢ ನಂಬಿಕೆ.

ಉಳಿತಾಯ ಎಲ್ಲಿದೆ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. "ಮಹಾರಾಷ್ಟ್ರದಲ್ಲಿ ಟ್ಯಾಕ್ಸ್ ಕಡಿಮೆ, ಅಲ್ಲಿ ಕೊಂಡರೆ ಅಗ್ಗ" ಎಂದು ಜನ ಹೇಳುತ್ತಾರೆ. ರಸ್ತೆ ತೆರಿಗೆಗೂ ಕಾರು ಕೊಂಡ ಊರಿಗೂ ಸಂಬಂಧವಿಲ್ಲ. ಕಾರು ಎಲ್ಲಿ ನೋಂದಣಿಯಾಗುತ್ತದೋ ಆ ರಾಜ್ಯಕ್ಕೆ ತೆರಿಗೆ ಕಟ್ಟಬೇಕು. ನೋಂದಣಿ ಎಲ್ಲಿ ಆಗಬೇಕು ಎಂಬುದನ್ನು 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಮು ನಿರ್ಧರಿಸಿದೆ: ಮಾಲೀಕರ ವಾಸ ಅಥವಾ ವ್ಯವಹಾರದ ಸ್ಥಳ ಎಲ್ಲಿದೆಯೋ, ವಾಹನ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ, ಆ ರಾಜ್ಯದಲ್ಲಿ. ನೀವು ನಿಪ್ಪಾಣಿಯಲ್ಲಿ ವಾಸವಿದ್ದರೆ ಕೊಲ್ಲಾಪುರದಲ್ಲಿ ಕೊಂಡರೂ ತೆರಿಗೆ ಕರ್ನಾಟಕಕ್ಕೇ.

ಜಿಎಸ್‌ಟಿಯಲ್ಲೂ ಉಳಿತಾಯವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ 18%, ದೊಡ್ಡವಕ್ಕೆ 40%. ದೇಶವಿಡೀ ಒಂದೇ ದರ. ಉದ್ದ ನಾಲ್ಕು ಮೀಟರ್ ಒಳಗಿದ್ದು, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದಿದ್ದರೆ ಅದು ಸಣ್ಣ ಕಾರು.

ಹಾಗಾದರೆ ಹೊರಗೆ ಹೋಗುವುದು ಏತಕ್ಕೆ? ಮೂರು ಕಾರಣಗಳು ನಿಜವಾದವು. ನಿಮಗೆ ಬೇಕಾದ ಬಣ್ಣ, ಮಾದರಿ ಇಲ್ಲಿ ತಿಂಗಳುಗಟ್ಟಲೆ ಕಾಯಬೇಕಾದಾಗ ಅಲ್ಲಿ ದಾಸ್ತಾನಿನಲ್ಲೇ ಇರಬಹುದು. ಡೀಲರ್ ತನ್ನ ಲಾಭದಲ್ಲಿ ಬಿಟ್ಟುಕೊಡುವ ರಿಯಾಯಿತಿ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಮೂರನೆಯದು ಪ್ರಾದೇಶಿಕ ಹಬ್ಬದ ಕೊಡುಗೆ: ಕೇರಳದಲ್ಲಿ ಓಣಂ, ಮಹಾರಾಷ್ಟ್ರದಲ್ಲಿ ಗುಡಿ ಪಾಡವಾ. ಆದರೆ ಕಂಪನಿಯ ಕೆಲವು ಕೊಡುಗೆಗಳು ಆಯಾ ರಾಜ್ಯದಲ್ಲೇ ನೋಂದಣಿಯಾಗುವ ಕಾರಿಗೆ ಮಾತ್ರ ಸಿಗಬಹುದು. "ಕರ್ನಾಟಕ ನೋಂದಣಿಗೂ ಈ ಕೊಡುಗೆ ಅನ್ವಯಿಸುತ್ತದೆಯೇ" ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ.

ಡೀಲರ್‌ಗಳ ನಡುವಿನ ಈ ಪೈಪೋಟಿ ಗ್ರಾಹಕರ ಹಕ್ಕು ಎಂದೇ ನಾನು ಭಾವಿಸುತ್ತೇನೆ. ಡೀಲರ್‌ಗಳು ತಮ್ಮಿಷ್ಟದಂತೆ ಹೆಚ್ಚು ರಿಯಾಯಿತಿ ಕೊಡದಂತೆ ತಡೆದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2021ರಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಆದ್ದರಿಂದ ನಾಲ್ಕು ಕಡೆ ದರ ವಿಚಾರಿಸಲು ಸಂಕೋಚ ಬೇಡ. ಕೊಲ್ಲಾಪುರದ ಕೊಟೇಶನ್ ಹಿಡಿದು ಬೆಳಗಾವಿಯ ಡೀಲರ್ ಬಳಿ ಹೋದರೆ ಅವರೂ ಇಳಿಯಬಹುದು. ವ್ಯತ್ಯಾಸ ಹತ್ತು ಹದಿನೈದು ಸಾವಿರದೊಳಗೆ ಉಳಿದರೆ ಊರಲ್ಲೇ ಕೊಳ್ಳಿ ಎನ್ನುವುದು ನನ್ನ ಸಲಹೆ.

ತೆರಿಗೆಯ ಲೆಕ್ಕ

ಇದನ್ನು ಕಾಗದದ ಮೇಲೆ ಬರೆದು ನೋಡಲೇಬೇಕು. ಕರ್ನಾಟಕದಲ್ಲಿ ಕಾರಿನ ರಸ್ತೆ ತೆರಿಗೆ, ಅಂದರೆ ಒಂದೇ ಸಲ ಕಟ್ಟುವ ಜೀವಾವಧಿ ತೆರಿಗೆ, ಬೆಲೆಯ ಮೇಲೆ ಹಂತಹಂತವಾಗಿ ಏರುತ್ತದೆ: 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದಕ್ಕೂ ಮೇಲೆ 18%. ತೆರಿಗೆಯ ಮೊತ್ತದ ಮೇಲೆ 11% ಸೆಸ್ ಸೇರುತ್ತದೆ. 9 ಲಕ್ಷದ ಪೆಟ್ರೋಲ್ ಕಾರಿಗೆ ತೆರಿಗೆ 1,26,000 ರೂಪಾಯಿ, ಸೆಸ್ 13,860, ಒಟ್ಟು 1,39,860. ಅದೇ ಕಾರಿಗೆ ಮಹಾರಾಷ್ಟ್ರದಲ್ಲಿ 11%, ಅಂದರೆ 99,000.

ಇಲ್ಲಿ ಗಮನಿಸಬೇಕಾದದ್ದು 10 ಲಕ್ಷದ ಗೆರೆ. ಹಂತ ದಾಟಿದರೆ ಹೆಚ್ಚಿನ ದರ ಪೂರ್ತಿ ಬೆಲೆಗೆ ಬೀಳುತ್ತದೆ. 9,90,000ದ ಕಾರಿಗೆ ಸೆಸ್ ಸೇರಿ 1,53,846 ರೂಪಾಯಿ. 10,20,000ದ ಕಾರಿಗೆ 1,92,474. ಬೆಲೆಯಲ್ಲಿ 30 ಸಾವಿರದ ವ್ಯತ್ಯಾಸ, ತೆರಿಗೆಯಲ್ಲಿ 38 ಸಾವಿರಕ್ಕೂ ಹೆಚ್ಚು! ಅದರ ಮೇಲೆ 10 ಲಕ್ಷ ದಾಟಿದ ಕಾರಿಗೆ ಡೀಲರ್ 1% ಟಿಸಿಎಸ್ (ಮಾರಾಟದ ವೇಳೆಯೇ ಸಂಗ್ರಹಿಸುವ ಆದಾಯ ತೆರಿಗೆ) ವಸೂಲಿ ಮಾಡುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆ. ಆದರೂ ಆ ದಿನ ಕೈಯಿಂದ ಹೋಗುವ ಹಣವೇ. ಮಗಳು ಮೊದಲು ಮನಸ್ಸು ಮಾಡಿದ್ದ ಮಾದರಿ ಈ ಗೆರೆಯ ಆಚೆ ಇತ್ತು. ಸನ್‌ರೂಫ್ ಇಲ್ಲದ ಒಂದು ಮೆಟ್ಟಿಲು ಕೆಳಗಿನ ಮಾದರಿ ಈಚೆ ಇತ್ತು. ಲೆಕ್ಕ ನೋಡಿದ ಮೇಲೆ ಅವಳೇ ಕೆಳಗಿನದನ್ನು ಆರಿಸಿದಳು.

ರಿಯಾಯಿತಿಯನ್ನು ಇನ್ವಾಯ್ಸ್‌ನಲ್ಲೇ ಕಳೆಯುತ್ತಾರೋ, ಆಮೇಲೆ ಬೇರೆ ಚೀಟಿಯಲ್ಲಿ (ಕ್ರೆಡಿಟ್ ನೋಟ್) ಕೊಡುತ್ತಾರೋ ಎಂಬುದನ್ನೂ ಕೇಳಿ. ತೆರಿಗೆಗೆ ಯಾವ ಬೆಲೆಯನ್ನು ಹಿಡಿಯುತ್ತಾರೆ ಎಂದು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಬಜೆಟ್ ಅಂತಿಮಗೊಳಿಸಿ.

ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಇರುವ ಆ 40 ಸಾವಿರದ ಅಂತರ ನೋಡಿದ ಕೂಡಲೇ ಯಾರಾದರೊಬ್ಬರು ಹೇಳುತ್ತಾರೆ: "ಅಲ್ಲಿ ನಿಮ್ಮ ಅಣ್ಣ ಇದ್ದಾರಲ್ಲ, ಅವರ ವಿಳಾಸ ಕೊಟ್ಟು ಕೊಲ್ಲಾಪುರದ ಎಂಎಚ್ 09 ನೋಂದಣಿ ಮಾಡಿಸಿಬಿಡಿ." ದಯವಿಟ್ಟು ಮಾಡಬೇಡಿ. ವಾಸವಿಲ್ಲದ ವಿಳಾಸವನ್ನು ಸರ್ಕಾರಿ ದಾಖಲೆಗೆ ಕೊಡುವುದು ಸುಳ್ಳು ಹೇಳಿಕೆ. ಹೊರರಾಜ್ಯದ ವಾಹನ 12 ತಿಂಗಳಿಗೂ ಹೆಚ್ಚು ಇಲ್ಲೇ ಇದ್ದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು ಎಂದು 47ನೇ ಕಲಮು ಹೇಳುತ್ತದೆ. ಆಗ ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ಮರಳಿ ಪಡೆಯಲು ಅರ್ಜಿ ಹಿಡಿದು ಅಲೆಯಬೇಕು. ಪುದುಚೇರಿಯಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುತ್ತಿದ್ದ ಐಷಾರಾಮಿ ಕಾರುಗಳನ್ನು ನಮ್ಮ ಸಾರಿಗೆ ಇಲಾಖೆ ಜಪ್ತಿ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿದೆ. ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು: ನಾವು ಓಡಾಡುವ ರಸ್ತೆಗೆ ನಾವೇ ತೆರಿಗೆ ಕಟ್ಟಬೇಕು.

ನ್ಯಾಯವಾದ ದಾರಿಯೊಂದಿದೆ. ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸೈನಿಕರು, ಸಾರ್ವಜನಿಕ ಉದ್ದಿಮೆಯವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರು ಬಿಎಚ್ (ಭಾರತ್) ಸರಣಿಯ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಸಂಖ್ಯೆಗೆ ಅರ್ಜಿ ಹಾಕಬಹುದು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬಹುದು. ಪದೇ ಪದೇ ವರ್ಗವಾಗುವವರಿಗೆ ಇದು ಒಳ್ಳೆಯದು.

ಡೀಲರ್‌ಗಿಂತ ಮೊದಲು ಆರ್‌ಟಿಒ

ಊರಲ್ಲೇ ಕೊಂಡರೆ ನೋಂದಣಿಯ ಕೆಲಸವೆಲ್ಲ ಡೀಲರ್‌ದು. 2019ರ ತಿದ್ದುಪಡಿಯ ನಂತರ 41ನೇ ಕಲಮಿನ ಪ್ರಕಾರ ಹೊಸ ವಾಹನದ ನೋಂದಣಿ ಅರ್ಜಿಯನ್ನು ಡೀಲರೇ ಹಾಕಬೇಕು. ಆದರೆ ಡೀಲರ್ ಇರುವ ರಾಜ್ಯದಲ್ಲೇ ನೋಂದಣಿಯಾಗುವಾಗ ಮಾತ್ರ ಈ ನಿಯಮ. ಗಡಿ ದಾಟಿದ ಕೂಡಲೇ ಆ ಹೊಣೆ ನಿಮ್ಮ ಹೆಗಲಿಗೆ ಬರುತ್ತದೆ. ಹೊರರಾಜ್ಯದ ಖರೀದಿಯ ಎಲ್ಲ ತೊಡಕಿನ ಮೂಲ ಇದೇ. ಬ್ಯಾಂಕಿಗೆ ಬರುತ್ತಿದ್ದ ಎಷ್ಟೋ ಗ್ರಾಹಕರಿಗೆ ಇದು ಕಾರು ಮನೆಗೆ ಬಂದ ಮೇಲೆ ತಿಳಿಯುತ್ತಿತ್ತು.

ಆದ್ದರಿಂದ ಶೋರೂಮಿಗೆ ಹೋಗುವ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, "ಹೊರರಾಜ್ಯದಲ್ಲಿ ಕೊಂಡ ಹೊಸ ಕಾರು, ತಾತ್ಕಾಲಿಕ ನೋಂದಣಿಯೊಂದಿಗೆ ತರುತ್ತೇವೆ, ಏನೇನು ಬೇಕು" ಎಂದು ಕೇಳಿ ಪಟ್ಟಿ ಬರೆದುಕೊಳ್ಳಿ. ಮುಖ್ಯವಾದವು ಇವು: ಫಾರ್ಮ್ 20 ನೋಂದಣಿ ಅರ್ಜಿ, ಫಾರ್ಮ್ 21 ಮಾರಾಟ ಪ್ರಮಾಣಪತ್ರ, ಫಾರ್ಮ್ 22 ತಯಾರಕರ ಯೋಗ್ಯತಾ ಪ್ರಮಾಣಪತ್ರ, ಇನ್ವಾಯ್ಸ್, ವಿಮೆ, ತಾತ್ಕಾಲಿಕ ನೋಂದಣಿ ಪತ್ರ, ವಿಳಾಸದ ಪುರಾವೆ, ಪ್ಯಾನ್. ಕಾರನ್ನು ತಪಾಸಣೆಗೆ ತರಬೇಕೇ, ಚಾಸಿ ನಂಬರಿನ (ಕಾರಿನ ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯ) ಪೆನ್ಸಿಲ್ ಅಚ್ಚು ಬೇಕೇ ಎಂದೂ ಕೇಳಿ. ಪೆನ್ಸಿಲ್ ಅಚ್ಚನ್ನು ಶೋರೂಮಿನವರಿಂದಲೇ ನಾಲ್ಕೈದು ಪ್ರತಿ ತೆಗೆಸಿಕೊಳ್ಳುವುದು ಸುಲಭ. ಮನೆಗೆ ಬಂದು ಬಾನೆಟ್ ತೆರೆದು ಹುಡುಕುತ್ತಾ ಕೂರುವುದು ಬೇಡ.

ಕೊಟೇಶನ್ ಮತ್ತು ಹಣ

"ಆನ್‌ರೋಡ್ ಬೆಲೆ ಇಷ್ಟು" ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟ ಕೊಟೇಶನ್ ನಮಗೆ ಉಪಯೋಗವಿಲ್ಲ. ಎಕ್ಸ್‌ಶೋರೂಮ್ ಬೆಲೆ, ರಿಯಾಯಿತಿ, ವಿಮೆ, ತಾತ್ಕಾಲಿಕ ನೋಂದಣಿ ಶುಲ್ಕ, ಫಾಸ್ಟ್ಯಾಗ್, ಬಿಡಿಭಾಗ, ವಿಸ್ತರಿತ ವಾರಂಟಿ, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. ಮಹಾರಾಷ್ಟ್ರದ ರಸ್ತೆ ತೆರಿಗೆ ಅದರಲ್ಲಿ ಸೇರಿರಬಾರದು. "ಹ್ಯಾಂಡ್ಲಿಂಗ್ ಚಾರ್ಜ್" ಎಂಬ ಸಾಲು ಕಂಡರೆ ತೆಗೆಸಿ.

ಇನ್ವಾಯ್ಸ್‌ನಲ್ಲಿ ನಿಮ್ಮ ಕರ್ನಾಟಕದ ವಿಳಾಸವೇ ಬರಲಿ, ಆಧಾರ್‌ನಲ್ಲಿ ಇರುವಂತೆಯೇ ಬರಲಿ. 2023ರ ಅಕ್ಟೋಬರ್ 1ರಿಂದ, ಜಿಎಸ್‌ಟಿ ನೋಂದಣಿ ಇಲ್ಲದ ಗ್ರಾಹಕರಿಗೆ ಇನ್ವಾಯ್ಸ್‌ನಲ್ಲಿ ಬರೆದ ವಿಳಾಸವನ್ನೇ ಪೂರೈಕೆಯ ಸ್ಥಳ ಎಂದು ಪರಿಗಣಿಸಲಾಗುತ್ತದೆ. ಹಾಗಾಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂಬ (ಕೇಂದ್ರ, ರಾಜ್ಯದ ಪಾಲಿನ) ಎರಡು ಸಾಲಿನ ಬದಲು ಐಜಿಎಸ್‌ಟಿ ಎಂಬ (ಅಂತರರಾಜ್ಯ ಮಾರಾಟದ) ಒಂದು ಸಾಲು ಕಾಣಬೇಕು. ಒಟ್ಟು ಮೊತ್ತ ಬದಲಾಗುವುದಿಲ್ಲ. ಹೆಸರಿನ ಕಾಗುಣಿತ, ತಂದೆ ಅಥವಾ ಗಂಡನ ಹೆಸರು, ಪಿನ್ ಕೋಡ್, ಎಲ್ಲವನ್ನೂ ಕೌಂಟರಿನಲ್ಲಿ ನಿಂತೇ ಓದಿ. ಮರಾಠಿಯಲ್ಲಿ ಬರೆದುಕೊಂಡು ಇಂಗ್ಲಿಷಿಗೆ ಇಳಿಸುವಾಗ ನಮ್ಮ ಹೆಸರುಗಳ ಅಕ್ಷರ ಕೆಡುತ್ತದೆ. ಒಂದು ಅಕ್ಷರ ತಪ್ಪಿದ ಇನ್ವಾಯ್ಸ್ ಸರಿಪಡಿಸಲು ಮತ್ತೆ ಗಡಿ ದಾಟಬೇಕಾಗುತ್ತದೆ.

ಹಣ ಡೀಲರ್ ಸಂಸ್ಥೆಯ ಹೆಸರಿನ ಖಾತೆಗೆ ಮಾತ್ರ ಹೋಗಬೇಕು. ನಾವು ವಿಚಾರಿಸಿದ ಒಂದು ಶೋರೂಮಿನಲ್ಲಿ ಮಾರಾಟದ ಹುಡುಗ, "ಮೇಡಂ, ಬುಕಿಂಗ್ ಹಣವನ್ನು ಸದ್ಯ ನನ್ನ ನಂಬರಿಗೆ ಹಾಕಿ, ಬಣ್ಣ ಬ್ಲಾಕ್ ಮಾಡಿಬಿಡುತ್ತೇನೆ" ಎಂದ. ಅಲ್ಲಿಂದಲೇ ಎದ್ದು ಬಂದೆವು. ಬುಕಿಂಗ್ ರದ್ದು ಮಾಡಿದರೆ ಎಷ್ಟು ಮರಳುತ್ತದೆ, ಎಷ್ಟು ದಿನದಲ್ಲಿ ಎಂಬುದು ರಸೀದಿಯ ಮೇಲೆಯೇ ಇರಬೇಕು. ಸಾಲ ಪಡೆಯುವವರು ಹೊರರಾಜ್ಯದ ಡೀಲರ್‌ಗೆ ಹಣ ಬಿಡುಗಡೆ ಮಾಡುತ್ತಾರೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಕೆಲವು ಶಾಖೆಗಳು ಡೀಲರ್‌ನ ಪರಿಶೀಲನೆಗೆ ವಾರ ಹಿಡಿಯುತ್ತವೆ. ಫಾರ್ಮ್ 20 ಮತ್ತು 21ರಲ್ಲಿ ಬ್ಯಾಂಕಿನ ಹೆಸರು ಅಡಮಾನದ ಜಾಗದಲ್ಲಿ ಬಂದಿದೆಯೇ ನೋಡಿ.

ಕಾರು ನೋಡುವ ದಿನ

ಪೂರ್ತಿ ಹಣ ಕಟ್ಟುವ ಮೊದಲು ಹಗಲು ಬೆಳಕಿನಲ್ಲಿ, ಅಂಗಳದಲ್ಲಿ ನಿಲ್ಲಿಸಿ ಕಾರು ನೋಡಿ. ನಿಮಗೆ ಕೊಡಲಿರುವ ಕಾರಿನ ಚಾಸಿ ನಂಬರನ್ನು ಮುಂಚೆಯೇ ಪಡೆದು, ಕಾರಿನ ಮೇಲಿರುವುದು ಮತ್ತು ಕಾಗದದಲ್ಲಿರುವುದು ಒಂದೇ ಎಂದು ಖಚಿತಪಡಿಸಿಕೊಳ್ಳಿ. ತಯಾರಾದ ತಿಂಗಳು, ವರ್ಷ ಫಾರ್ಮ್ 21ರಲ್ಲಿ ಇರುತ್ತದೆ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ನಂತರದ ಎರಡು ವರ್ಷ. ದೊಡ್ಡ ರಿಯಾಯಿತಿ ಕೊಡುವ ಕಾರು ಎಷ್ಟೋ ಸಲ ಹಿಂದಿನ ವರ್ಷದ ದಾಸ್ತಾನು ಆಗಿರುತ್ತದೆ. ಅದು ಕೆಟ್ಟದ್ದೇನಲ್ಲ, ಆದರೆ ಮುಂದೆ ಮಾರುವಾಗ ಆ ವರ್ಷವೇ ಲೆಕ್ಕಕ್ಕೆ ಬರುತ್ತದೆ. ಆ ನಷ್ಟ ತುಂಬುವಷ್ಟು ರಿಯಾಯಿತಿ ಇದೆಯೇ ಎಂದು ನೋಡಬೇಕು. ಬಣ್ಣ, ಗಾಜು, ಸ್ಟೆಪ್ನಿ, ಜಾಕ್, ಎರಡೂ ಕೀಲಿ, ಇವುಗಳನ್ನು ಇಲ್ಲಿ ವಿವರಿಸಬೇಕಿಲ್ಲ.

ವಿಮೆಯನ್ನು ಡೀಲರ್ ಬಳಿಯೇ ಕೊಳ್ಳಬೇಕೆಂಬ ಕಾನೂನಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಹಾನಿಯದ್ದು ಒಂದು ವರ್ಷಕ್ಕೆ ಸಾಕು. ಪಾಲಿಸಿಯಲ್ಲಿ ನೋಂದಣಿ ಸ್ಥಳ ನಿಮ್ಮ ಆರ್‌ಟಿಒ ಆಗಿರಲಿ. ನಿಪ್ಪಾಣಿಯವರಿಗೆ ಇದರಿಂದ ಕಂತು ಬದಲಾಗದಿರಬಹುದು. ಬೆಂಗಳೂರಿನವರು ಹೊಸೂರಿನಲ್ಲಿ ಕೊಂಡಾಗ ಬದಲಾಗುತ್ತದೆ: ವಿಮೆಯ ಲೆಕ್ಕದಲ್ಲಿ ಬೆಂಗಳೂರು ಎ ವಲಯ, ಹೊಸೂರು ಬಿ ವಲಯ. ಕಡಿಮೆ ಕಂತಿನ ಆಸೆಗೆ ಬಿ ವಲಯ ಬರೆಸಿಕೊಂಡು ನಾಳೆ ಪರಿಹಾರ ಕೇಳುವಾಗ ಪ್ರಶ್ನೆ ಎದುರಿಸುವುದು ಬೇಡ. ಹಳೆಯ ಕಾರನ್ನು ಮಾರಿದ್ದರೆ ಅದರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ಕಂತಿನ ರಿಯಾಯಿತಿ) ಪತ್ರ ತೆಗೆದುಕೊಂಡು ಹೋಗಿ.

ವಾರಂಟಿ ಕಂಪನಿಯದು, ಆದ್ದರಿಂದ ದೇಶದ ಯಾವ ಅಧಿಕೃತ ಸರ್ವಿಸ್ ಕೇಂದ್ರದಲ್ಲೂ ನಡೆಯುತ್ತದೆ. ಆದರೆ ಡೀಲರ್ ತನ್ನದೇ ಹೆಸರಿನಲ್ಲಿ ಕೊಡುವ ಸರ್ವಿಸ್ ಪ್ಯಾಕೇಜ್, ಕೋಟಿಂಗ್ ವಾರಂಟಿ ಮುಂತಾದವು ಅವರ ಬಾಗಿಲಲ್ಲಿ ಮಾತ್ರ ನಡೆಯುತ್ತವೆ. ಅಂಥವಕ್ಕೆ ಹಣ ಹಾಕಬೇಡಿ.

ಗಡಿ ದಾಟಿ ಮನೆಗೆ

ತಾತ್ಕಾಲಿಕ ನೋಂದಣಿ ಇಲ್ಲದೆ ಕಾರನ್ನು ರಸ್ತೆಗೆ ಇಳಿಸಬೇಡಿ. ತಾತ್ಕಾಲಿಕ ಸಂಖ್ಯೆಯ ಫಲಕ ಹಳದಿ, ಅಕ್ಷರ ಕೆಂಪು. ಕೆಂಪು ಫಲಕದ ಮೇಲಿನ ಬಿಳಿ ಅಕ್ಷರ ಡೀಲರ್‌ನ ವ್ಯಾಪಾರ ಪ್ರಮಾಣಪತ್ರದ ಸಂಖ್ಯೆ. ಅದನ್ನು ಹಾಕಿಕೊಂಡು ಮನೆಗೆ ಹೋಗಿ ಎಂದರೆ ಒಪ್ಪಬೇಡಿ. ಕಾಯ್ದೆ ತಾತ್ಕಾಲಿಕ ನೋಂದಣಿಗೆ ಗರಿಷ್ಠ ಆರು ತಿಂಗಳ ಅವಕಾಶ ಕೊಡುತ್ತದೆ, ಆದರೆ ನಿಮ್ಮ ಪತ್ರದ ಮೇಲೆ ಅಚ್ಚಾದ ದಿನಾಂಕವೇ ಅಂತಿಮ. ಅಷ್ಟು ದಿನವಿದೆ ಎಂದು ಆರಾಮವಾಗಿ ಕೂರದೆ ಮೊದಲ ವಾರದಲ್ಲೇ ಆರ್‌ಟಿಒಗೆ ಅರ್ಜಿ ಹಾಕಿ, ತೆರಿಗೆ ಕಟ್ಟಿ. ಕಾರಿನ ನೋಂದಣಿ ಶುಲ್ಕ 600 ರೂಪಾಯಿ. ಸಾಲವಿದ್ದರೆ ಅಡಮಾನ ದಾಖಲಿಸುವುದಕ್ಕೆ ಬೇರೆ ಶುಲ್ಕವಿದೆ. ನಾವು ಏಜೆಂಟ್ ಹಿಡಿಯಲಿಲ್ಲ. ಕಾಗದ ಪೂರ್ತಿ ಇದ್ದರೆ ಅದರ ಅಗತ್ಯವೇ ಇಲ್ಲ.

ಇನ್ನು ಎಲ್ಲರೂ ಮರೆಯುವ ಸಂಗತಿ, ಎಚ್‌ಎಸ್‌ಆರ್‌ಪಿ ಫಲಕ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಈ ಅತಿ ಸುರಕ್ಷಿತ ಫಲಕವನ್ನು ಕಂಪನಿಯೇ ಡೀಲರ್ ಮೂಲಕ ಒದಗಿಸಬೇಕು. ಕೆಎ 23 ಸಂಖ್ಯೆ ಬಂದ ಮೇಲೆ ಆ ಫಲಕವನ್ನು ಯಾರು ತರಿಸಬೇಕು? ಕೊಲ್ಲಾಪುರದವರು ಬೆಳಗಾವಿಯವರತ್ತ ಕೈ ತೋರಿಸುತ್ತಾರೆ, ಬೆಳಗಾವಿಯವರು "ಕಾರು ನಮ್ಮಲ್ಲಿ ಕೊಂಡಿಲ್ಲವಲ್ಲ" ಎನ್ನುತ್ತಾರೆ. ಈ ಜಗ್ಗಾಟ ತಪ್ಪಬೇಕಾದರೆ ಉಳಿದ ಹಣ ಕಟ್ಟುವ ಮೊದಲೇ, "ಕರ್ನಾಟಕದ ಸಂಖ್ಯೆ ಬಂದ ನಂತರ ಫಲಕವನ್ನು ನಾವೇ ತರಿಸಿ ಹಾಕಿಕೊಡುತ್ತೇವೆ, ಪ್ರತ್ಯೇಕ ಹಣವಿಲ್ಲ" ಎಂದು ಡೀಲರ್‌ನ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ನಾನು ಇದನ್ನು ಕೇಳಿದಾಗ ಮ್ಯಾನೇಜರ್ ಸ್ವಲ್ಪ ತಡೆದರು, ಆಮೇಲೆ ಬರೆದು ಸಹಿ ಹಾಕಿದರು. ಆ ಒಂದು ಕಾಗದದಿಂದ ಫಲಕ ಸಲೀಸಾಗಿ ಬಂತು. ಜೊತೆಗೆ ಮುಂಗಾಜಿನ ಒಳಗೆ ಅಂಟಿಸುವ ಸ್ಟಿಕರ್ ಕೂಡ ಬರಬೇಕು. ಪೆಟ್ರೋಲ್‌ಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ.

ಫಾಸ್ಟ್ಯಾಗ್ ಮೊದಲು ಚಾಸಿ ನಂಬರಿನ ಮೇಲೆ ಸಿಗುತ್ತದೆ. ಕಾಯಂ ಸಂಖ್ಯೆ ಬಂದ ಕೂಡಲೇ ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿ ಅದನ್ನು ಸೇರಿಸಿ, ಇಲ್ಲದಿದ್ದರೆ ಟ್ಯಾಗ್ ಸ್ಥಗಿತವಾಗಬಹುದು. ವಿಮೆ ಕಂಪನಿಗೂ ಹೊಸ ಸಂಖ್ಯೆ ತಿಳಿಸಿ ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಸಾಲ ಕೊಟ್ಟ ಬ್ಯಾಂಕಿಗೆ ಆರ್‌ಸಿಯ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಷ್ಟಾದರೂ ಡೀಲರ್ ಮಾತಿಗೆ ತಪ್ಪಿದರೆ ಕೊಲ್ಲಾಪುರದ ಕೋರ್ಟಿಗೆ ಅಲೆಯಬೇಕೆಂಬ ಹೆದರಿಕೆ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ವಿಚಾರಣೆ ನಡೆಸುತ್ತದೆ. ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ಅಲ್ಲಿ ಕೊಟೇಶನ್, ಇಮೇಲ್, ರಸೀದಿ, ಲೆಟರ್‌ಹೆಡ್ ಮೇಲಿನ ಆ ಸಹಿ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಒಪ್ಪಿಸಿ. ಮೂಲಪ್ರತಿಗಳನ್ನು ಮಾತ್ರ ನಿಮ್ಮ ಬಳಿಯೇ ಇಟ್ಟುಕೊಳ್ಳಿ.